ಅಡುಗೆಯವನು, ಬಿ.ಎ.

ನಮ್ಮ ಮನೆಯ ಗೇಟಿನ ಬೋರ್ಡಿನಲ್ಲಿ ನನ್ನ ಹೆಸರಿಗಿಂತ ಬಿ.ಎ. ಎಂಬುದೇ ದಪ್ಪಗಿದೆ. ಹಾಲಿನ ಕಾರ್ಡಿನಲ್ಲೂ ಹಾಗೇ ಬರೆಸಿದ್ದೇನೆ. "ಡಿಗ್ರಿ ಇದ್ರೂ ಅರ್ಧ ಲೀಟ್ರೇನಾ ಸಾರ್?" ಎಂದು ಬನಶಂಕರಿಯ ಬೂತಿನವನು ಕೇಳಿದ್ದುಂಟು. ಹೆಂಡತಿಯೂ ನಗುತ್ತಾಳೆ. ನಗಲಿ. ಹೊಸಕೆರೆಹಳ್ಳಿಯ ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅವ್ವ ಸೊಪ್ಪಿನ ಕುಕ್ಕೆ ಹೊತ್ತು ಗಾಂಧಿಬಜಾರಿನವರೆಗೆ ನಡೆದು ಓದಿಸಿದಳು. "ನೀನು ಓದ್ಕೋ, ಒಲೆ ನಾನ್ ನೋಡ್ಕೊತೀನಿ" ಎಂದು ನನ್ನನ್ನು ಅಡುಗೆಯ ಹತ್ತಿರ ಸುಳಿಯಗೊಟ್ಟವಳಲ್ಲ. ಹಾಗಾಗಿ ಅನ್ನಕ್ಕೆ ಎಷ್ಟು ನೀರು ಇಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಪ್ಪತ್ತೇಳೋ ಎಪ್ಪತ್ತೆಂಟೋ. ಒಂದೇ ಆಫೀಸಿನ ಐವರು ಗುಮಾಸ್ತರು ಬಂಡೀಪುರ, ಮುದುಮಲೆ, ನಾಗರಹೊಳೆ ಸುತ್ತಿ ಬರುವುದೆಂದು ಹೊರಟೆವು. ಜಯನಗರದ ಶ್ರೀಧರ ನಮ್ಮ ಮುಂದಾಳು. ಕಾರು ಅವನ ಮಾವನ ಅಂಬಾಸಡರ್, ಓಡಿಸುವವನು ಅವನು, ಮೂರೂ ಕಡೆಯ ಕಾಡಿನ ಬಂಗಲೆಗಳಿಗೆ ಅರ್ಜಿ ಬರೆದು ಪರವಾನಗಿ ತರಿಸಿದವನೂ ಅವನೇ. ಗುಂಡ್ಲುಪೇಟೆ ದಾಟಿ ನೀಲಿ ಬೆಟ್ಟಗಳು ಕಂಡಾಗ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು.

ಮೊದಲ ಬಂಗಲೆಯ ಗಾರ್ಡು ಮಾದಯ್ಯ ಕಾಗದ ಬಿಡಿಸಿ ಹೆಸರು ಓದಿದ. ನಾಲ್ಕು ಹೆಸರಿಗೆ "ಬನ್ನಿ ಸಾರ್" ಎಂದ. ಐದನೆಯದಕ್ಕೆ ಕನ್ನಡಕದ ಮೇಲಿಂದ ನೋಡಿ, "ಅಡುಗೆಯವ್ನು ಮುನಿಯಪ್ಪ ಯಾರು, ನೀನಾ? ಹಿತ್ಲು ಕಡೆ ಬಾ, ಸೌದೆ ತೋರುಸ್ತೀನಿ" ಎಂದ.

ನಾನು ಶ್ರೀಧರನ ಮುಖ ನೋಡಿದೆ. ಅವನು ನನ್ನನ್ನು ಪಕ್ಕಕ್ಕೆಳೆದ.

"ರೂಲ್ಸು ಮಗಾ. ನಾಲ್ಕೇ ಜನ, ಜೊತೆಗೊಬ್ಬ ಕುಕ್ಕು. ಯಾರಾದ್ರೂ ಒಬ್ಬರ ಹೆಸರು ಹಾಕ್ಬೇಕಿತ್ತು."

"ನಿಂದು ಹಾಕ್ಬೋದಿತ್ತಲ್ಲ?"

"ನನ್ನ ಹೆಸರು ಹಾಕಿದ್ರೆ ಯಾರು ನಂಬ್ತಾರೋ?"

ಉಳಿದ ಮೂವರೂ ನಕ್ಕರು. ನಾಚಿಕೆಯ ವಿಷಯವೆಂದರೆ ನಾನೂ ನಕ್ಕೆ. ಇವತ್ತಿನ ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ಆ ನಗುವಿನ ಮೇಲೆಯೇ ಇದೆ.

ಯಾಕೆ ನಂಬುವುದಿಲ್ಲ, ಹೇಳಿ? ಮದುವೆಮನೆಯ ಕೊಪ್ಪರಿಗೆಯ ಮುಂದೆ ನಿಲ್ಲುವವರು ಯಾರು? ದೇವಸ್ಥಾನದ ಪುಳಿಯೋಗರೆ ಕಲಸುವವರು ಯಾರು? ಅಡುಗೆ ಎಂಬುದು ಶ್ರೀಧರನ ಕಡೆಯವರ ಪಿತ್ರಾರ್ಜಿತ ವಿದ್ಯೆ ಎಂದು ಊರಿಗೆಲ್ಲ ಗೊತ್ತು. ಅವನ ಮನೆಗೆ ನಾನು ಹತ್ತು ಸಲ ಹೋಗಿದ್ದೇನೆ, ವರಾಂಡದಲ್ಲಿ ಕೂತು ಕಾಫಿ ಕುಡಿದಿದ್ದೇನೆ. ಅಡುಗೆಮನೆಯ ಬಾಗಿಲು ಯಾವ ದಿಕ್ಕಿಗಿದೆಯೆಂದು ಮಾತ್ರ ನೋಡಿಲ್ಲ. ಅಲ್ಲಿ ಒಲೆಯ ಹತ್ತಿರ ಸಲ್ಲದವನು ಸರ್ಕಾರಿ ಕಾಗದದಲ್ಲಿ ಅಡುಗೆಯವನಾಗಿಬಿಟ್ಟೆ. ಮೂರು ವರ್ಷ ತರ್ಕಶಾಸ್ತ್ರ ಓದಿದರೂ ಇಂಥ ತರ್ಕ ನನಗೆ ಹೊಳೆಯುತ್ತಿರಲಿಲ್ಲ.

ಮಧ್ಯಾಹ್ನ ಕಾಡು ಸುತ್ತುವ ಜೀಪು ಬಂತು. ನಾಲ್ವರು ಹತ್ತಿದರು. "ನಾವು ಬರೋ ಹೊತ್ಗೆ ಅನ್ನ ಆಗಿರ್ಲಿ ಮುನಿಯಪ್ಪ" ಎಂದು ಶ್ರೀಧರ ನನಗೆ ಕಣ್ಣು ಹೊಡೆದ.

ಹಿತ್ತಿಲಲ್ಲಿ ಒಲೆಯ ಮುಂದೆ ಕೂತೆ. ಹಸಿ ಸೌದೆ. ಊದಿ ಊದಿ ಹೊಗೆ ಬಂತು, ಕಣ್ಣಲ್ಲಿ ನೀರು ಬಂತು, ಬೆಂಕಿ ಬರಲಿಲ್ಲ.

"ಎಂಥ ಅಡುಗೆಯವ್ನಯ್ಯಾ ನೀನು? ಒಲೆ ಹಚ್ಚಾಕೇ ಬರಾಕಿಲ್ವಾ?" ಎಂದ ಮಾದಯ್ಯ.

"ನಾನು ಬಿ.ಎ. ಓದಿದೋನು." ಬಾಯಿಗೆ ಬಂದದ್ದು ಇಷ್ಟೇ.

ಗದರುತ್ತಾನೆ ಎಂದುಕೊಂಡೆ. ಅವನು ಎದುರಿಗೇ ಕುಕ್ಕರಿಸಿದ. "ಬಿ.ಎ. ಮಾಡಿ ಸೌಟು ಹಿಡಿಯಾ ಕೆಲ್ಸವಾ? ನಮ್ ಮಗ್ಳು ಪಿಯುಸಿ ಓದ್ತಾವ್ಳೆ. ಬಿ.ಎ. ಮಾಡೇ ಮಾಡ್ತೀನಿ ಅಂತ ಹಟ. ಇಷ್ಟೇಯಾ ಅದ್ರಿಂದ ಸಿಕ್ಕಾದು? ಬುಡುಸ್ಬುಡ್ತೀನಿ ಹಂಗಾರೆ."

ಬಾಯಿ ಮುಚ್ಚಿಕೊಂಡಿದ್ದರೆ ಇನ್ನೆರಡು ಕಾಡು, ಹುಲಿ, ಗೆಳೆತನ ಎಲ್ಲ ಉಳಿಯುತ್ತಿತ್ತು. ನನ್ನ ಮಾನದ ಮಾತಾಗಿದ್ದರೆ ಮುಚ್ಚಿಕೊಂಡೇ ಇರುತ್ತಿದ್ದೆನೇನೋ. ಆದರೆ ಕಣ್ಣಾರೆ ಕಾಣದ ಆ ಹುಡುಗಿಯ ಪುಸ್ತಕಗಳನ್ನು ನನ್ನ ಹೊಗೆಯ ಒಲೆಗೆ ಹಾಕುವುದು ನನ್ನಿಂದಾಗಲಿಲ್ಲ.

"ಬಿಡಿಸ್ಬೇಡಿ ಮಾದಯ್ಯನೋರೆ. ನಾನು ಅಡುಗೆಯವನಲ್ಲ, ಅವರ ಹಾಗೇ ಗುಮಾಸ್ತ. ಕಾಗದದಲ್ಲಿ ಬರ್ದಿರೋದು ಸುಳ್ಳು."

ಮಾದಯ್ಯ ಎದ್ದು ಹೋಗಿ ರಿಜಿಸ್ಟರು ತಂದ. ನನ್ನ ಹೆಸರಿನ ಮುಂದಿದ್ದ ‘ಅಡುಗೆಯವನು’ ಎಂಬುದನ್ನು ಹೊಡೆದುಹಾಕಿ ಪೆನ್ನು ಕೊಟ್ಟ. "ನೀವೇ ಬರೀರಿ ಸಾರ್."

ಎರಡು ಗೆರೆ ತುಂಬುವಷ್ಟು ದಪ್ಪಗೆ ಬಿ.ಎ. ಎಂದು ಬರೆದೆ.

ಜೀಪು ಬಂದ ಮೇಲೆ ಮಾದಯ್ಯ, ಸುಳ್ಳು ಪರವಾನಗಿ ನಡೆಯುವುದಿಲ್ಲವೆಂದು ಐವರನ್ನೂ ಹೊರಡಿಸಿದ. ಉಳಿದೆರಡು ಪರವಾನಗಿಗಳಲ್ಲೂ ಅದೇ ಸುಳ್ಳಿದ್ದುದರಿಂದ ಕಾರು ಬೆಂಗಳೂರಿನ ಕಡೆಗೆ ತಿರುಗಿತು. ಅವರಿಗೂ ಹುಲಿ ಕಂಡಿರಲಿಲ್ಲ, ಬರೀ ನಾಲ್ಕು ಜಿಂಕೆಯಂತೆ. ನನಗೆ ಖುಷಿಯಾಯಿತು, ಮುಚ್ಚಿಡುವುದೇನು? ಮದ್ದೂರಿನ ಹತ್ತಿರ ಶ್ರೀಧರ ಬಾಯಿ ಬಿಟ್ಟ. "ಒಂದು ತಮಾಷೆ ತಡ್ಕೊಳ್ಳೋಕಾಗಲ್ವೇನೋ ನಿಂಗೆ?"

"ಆಗಲ್ಲ" ಎಂದೆ. ಈ ಸಲ ನಗಲಿಲ್ಲ.

ಮೊನ್ನೆ ಬೋರ್ಡಿಗೆ ಹೊಸ ಬಣ್ಣ ಬಳಿಯಲು ಬಂದ ಪೇಂಟರು ಅಳತೆ ಹಿಡಿದು, "ಜಾಗ ಸಾಲಲ್ಲ ಸಾರ್, ಬಿ.ಎ. ಸ್ವಲ್ಪ ಸಣ್ಣದು ಮಾಡ್ಲಾ?" ಎಂದು ಕೇಳಿದ.

"ಹೆಸರು ಸಣ್ಣದು ಮಾಡಪ್ಪ" ಎಂದೆ. "ಬರೀ ಹೆಸರು ನೋಡಿದ್ರೆ ಜನ ತಮಗೆ ತೋಚಿದ ಕೆಲಸ ಕೊಟ್ಟುಬಿಡ್ತಾರೆ."