ಒದ್ದೆ ಟವೆಲು ಒಣಗುವ ತನಕ

ನನ್ನ ಎಡಭುಜದ ಕೀಲು ತಪ್ಪಿಸಿದವನು ಅಣ್ಣ. ಸುರಪುರದ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿನಲ್ಲಿ, ನಾನು ಸಾಕೆಂದು ನೆಲ ಬಡಿದ ಮೇಲೂ ಕೈ ತಿರುವಿದ. ಬಡಿದೆನೆಂದು ನಾನು ಹೇಳುತ್ತೇನೆ. ಬಡಿಯಲೇ ಇಲ್ಲವೆಂದು ಅವನು.

ಯಾದಗಿರಿಯ ಆಸ್ಪತ್ರೆಯಲ್ಲಿ ಕೀಲು ಕೂರಿಸಿದರು. ತಿಂಗಳುಗಳು ಕಳೆದು ತಾಲೀಮಿಗೆ ಹೋದಾಗ ಕುಸ್ತಿ ಕಲಿಸುವ ಉಸ್ತಾದರು ಕಣದ ಅಂಚಿನಲ್ಲೇ ತಡೆದರು.

"ಶಹಾಪುರದ ಕುಸ್ತಿಗೆ ಹೋಗಬೇಕ್ರಿ," ಅಂದೆ.

"ಮೊದ್ಲ ಭುಜ ತೋರ್ಸು. ಬೆನ್ನ ಮ್ಯಾಲಿನ ಟವೆಲ್ ಒಣಗೋತನ ದಂಡದಾಗ ನಿಂತ್ರ ಕಣಕ್ಕ ಬಾ. ಅಲ್ಲೀತನ ಮಣ್ಣು ಮುಟ್ಟಬ್ಯಾಡ."

ನಮ್ಮಲ್ಲಿ ಗಡಿಯಾರ ನೋಡುವುದಿಲ್ಲ. ದಂಡವೆಂದರೆ ಅಂಗೈ, ಕಾಲ್ಬೆರಳು ಮಾತ್ರ ನೆಲಕ್ಕೂರಿ ಮೈಯನ್ನು ಹಲಗೆಯಂತೆ ಹಿಡಿಯಬೇಕು. ಬೆನ್ನ ಮೇಲೆ ಹಿಂಡಿದ ತೆಳು ಟವೆಲು. ಅಂಗಳದ ಬಿಸಿಲಲ್ಲಿ ಅದು ಒಣಗುವ ತನಕ ಮಿಸುಕುವಂತಿಲ್ಲ. ಉಸ್ತಾದರು ಕೈಗೆ ಬೇವಿನ ಬರಲುಕೋಲು ಕೊಟ್ಟು ಕಾವಲಿಗೆ ನಿಲ್ಲಿಸಿದ್ದು ಅಣ್ಣನನ್ನೇ.

ಮೊದಲ ದಿನ ಇಪ್ಪತ್ತು ಉಸಿರು. ಸೊಂಟ ಇಳಿದಾಗಲೆಲ್ಲ ಬರಲಿನ ಏಟು ಬೀಳುತ್ತಿತ್ತು.

"ಏಳಲೇ ಮಗನ. ಎಮ್ಮಿ ಮಲಗಿದಂಗ ಮಲಗ್ತಿ."

"ಕಣಕ್ಕ ಬರ್ತೀನಿ ತಡಿ. ನಿನ್ನ ಕೈ ಮುರೀತೀನಿ."

"ಬಾರಪಾ. ಟವೆಲ್ ಇನ್ನಾ ತೊಟ್ಟಿಕ್ಕಾಕತ್ತೈತಿ."

ಬೀಳುವುದು, ಎದ್ದು ಮತ್ತೆ ನಿಲ್ಲುವುದು. ಉಸಿರು ಎಣಿಸುವುದನ್ನು ಬಿಟ್ಟೆ. ಅವನ ಯಾವ ಎಲುಬನ್ನು ಹೇಗೆ ಮುರಿಯಬಹುದೆಂದು ಎಣಿಸಿದೆ. ಅದರಿಂದ ಹೆಚ್ಚು ಹೊತ್ತು ನಿಲ್ಲಲಾಯಿತು. ಭುಜದ ನಡುಕ ನಿಂತದ್ದು ಯಾವಾಗ, ನೆನಪಿಲ್ಲ.

ಕೊನೆಗೊಂದು ಬೆಳಿಗ್ಗೆ (ಎರಡು ಬೆಳಗುಗಳನ್ನು ನಾನೇ ಒಂದು ಮಾಡಿಕೊಂಡಿರಬಹುದು) ಟವೆಲಿನ ಅಂಚು ಗರಿಗರಿಯಾಗಿ ಪಕ್ಕೆಗೆ ಚುಚ್ಚುತ್ತಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಬೆನ್ನ ನಡುವೆ ತಣ್ಣಗಾಯಿತು. ನೆಲದ ಮೇಲೆ ಅಣ್ಣನ ಕೈಯ ನೆರಳು. ಪಕ್ಕದಲ್ಲಿ ನೀರಿನ ತಂಬಿಗೆ.

ಎದ್ದವನೇ ಅವನ ಮೇಲೆ ಹಾರಿದೆ. ಇಬ್ಬರೂ ಕಲ್ಲಿನ ಕಟ್ಟೆಗೆ ಬಿದ್ದೆವು. ಅವನ ಬಲಭುಜ ಕೆಳಗೆ, ನನ್ನ ಮೊಣಕಾಲು ಮೇಲೆ. ಎಲುಬು ಒಣ ತೊಗರಿಕಟ್ಟಿಗೆಯಂತೆ ಲಟಕ್ಕೆಂದಿತು. ಎಡಗೈಯನ್ನು ಅವನ ಕುತ್ತಿಗೆಗೆ ಊರಿ, ಮೈಭಾರವೆಲ್ಲ ಅದರ ಮೇಲೆ ಬಿಟ್ಟು, ದಂಡದಲ್ಲಿ ನಿಂತಂತೆ ನಿಂತೆ. ಅವನು ನೆಲ ಬಡಿದ. ನನಗೆ ಕೇಳಿಸಿತು. ಬಿಡಲಿಲ್ಲ.

ತಾಲೀಮಿನ ಹುಡುಗರು ನಾಲ್ವರು ಸೇರಿ ನನ್ನನ್ನು ಎಳೆದರು.

"ನೀರಲ್ಲಲೇ," ಅಣ್ಣ ಕೆಮ್ಮುತ್ತ ಅಂದ, "ನಿಂದ ಬೆವರು ಅದು."

ಇರಬಹುದು. ಇಂದಿಗೂ ಗೊತ್ತಿಲ್ಲ.

ಉಸ್ತಾದರು ನೆಲದ ಟವೆಲು ಎತ್ತಿ ಹಿಂಡಿ ನೋಡಿದರು. "ಒಣಗೈತಿ."

ನಾನು ಕಣದತ್ತ ಹೆಜ್ಜೆ ಇಟ್ಟೆ. ನಾಚಿಕೆಯ ಮಾತು, ಆದರೂ ಇಟ್ಟೆ.

"ಭುಜ ಗಟ್ಟಿ ಆಗ್ಯಾವ," ಅಂದರು. "ನೀ ಇನ್ನ ಈ ಮಣ್ಣಿಗೆ ಬರಬ್ಯಾಡ."

ಅಣ್ಣನ ಬಲಗೈ ಈಗ ಹೆಗಲಿಗಿಂತ ಮೇಲೇಳುವುದಿಲ್ಲ. ಬೆಳಿಗ್ಗೆ ಅಂಗಿ ತೊಡಿಸುವವನು ನಾನು. ತೋಳು ತೂರಿಸುವಾಗ ನೋವಾದರೆ ಎಡಗೈಯಿಂದ ಗೋಡೆ ಬಡಿಯುತ್ತಾನೆ. ಹೆಚ್ಚಿನ ದಿನ ಕೂಡಲೇ ಬಿಡುತ್ತೇನೆ.