ಅವ್ವ ಉಪ್ಪು ಬಿಟ್ಟದ್ದು

ಉಪ್ಪು ಬಿಡು ಎಂದು ಅವ್ವನಿಗೆ ಹೇಳಿದವಳು ನಾನೇ. ಈ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟಲು ಬರುವುದಿಲ್ಲ.

ವರ್ಷದಿಂದ ಅವಳ ಹೊಟ್ಟೆ ಸರಿಯಿರಲಿಲ್ಲ. ದಿನಕ್ಕೆ ಹತ್ತು ಸಲ ಸಂಡಾಸಕ್ಕೆ ಹೋಗುವಳು. ಬರೀ ನೀರು, ಲೋಳೆ. ಯರಗಟ್ಟಿಯ ಔಷಧದಂಗಡಿಯವನು ಆಮಶಂಕೆಯೆಂದು ಗುಳಿಗೆ ಕೊಡುತ್ತಿದ್ದ. ದೊಡ್ಡ ದವಾಖಾನೆಗೆ ನಡಿ ಎಂದರೆ, "ಗಂಡಸ ಡಾಕ್ಟರ್ ಮುಂದ ಏನಂತ ಹೇಳಲೆವ್ವಾ? ನಾಚಿಕಿ ಬರ್ತೈತಿ" ಎನ್ನುವಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

"ಹಂಗಾರ ಮನಿದೇವರಿಗೆ ಹರಕಿ ಹೊರು. ಆರಾಮ ಆಗೂತನಕ ಉಪ್ಪು ಬಿಡು" ಎಂದುಬಿಟ್ಟೆ.

ಕಷ್ಟ ಬಂದಾಗ ನಮ್ಮ ಮನೆಯ ಹೆಂಗಸರು ಹೀಗೆ ಏನಾದರೊಂದು ಬಿಡುತ್ತಾರೆ. ಅವ್ವ ಅಂದಿನಿಂದಲೇ ಬಿಟ್ಟಳು. ಅವಳ ಬೇಳೆ, ಪಲ್ಯ ನಾನೇ ಸಪ್ಪಗೆ ಬೇರೆ ತೆಗೆದಿಡುತ್ತಿದ್ದೆ. ಉಪ್ಪಿನ ಕಣ ತಾಗದಂತೆ ಸೌಟು ಕೂಡ ಬೇರೆ. ಎಂಥ ಶ್ಯಾಣೇತನ ನನ್ನದು!

ಎರಡು ತಿಂಗಳಿಗೆ ಕಾಲಲ್ಲಿ ಬಲವಿಲ್ಲದೆ ಹೊಸ್ತಿಲಲ್ಲೇ ಕುಸಿದಳು. ಬೆಳಗಾವಿಗೆ ಒಯ್ದೆವು. ಡಾಕ್ಟರು ಒಳಗೆ ನಳಿಗೆ ಹಾಕಿ ನೋಡಿದರು.

"ಕರುಳಾಗ ಗಡ್ಡಿ ಐತ್ರಿ. ಕ್ಯಾನ್ಸರ್ ಅಲ್ಲ, ತಗದ್ರ ಹೋಗತೈತಿ. ಆದ್ರ ಮೈಯಾಗಿನ ನೀರು, ಉಪ್ಪು, ಪೊಟ್ಯಾಸಿಯಂ ಎಲ್ಲಾ ಅದರಿಂದ ಸೋರಿ ಹೋಗೇತಿ. ಮೊದಲ ಅದನ್ನ ತುಂಬಬೇಕು, ಇಲ್ಲಂದ್ರ ಎದಿಬಡಿತಕ್ಕ ಅಪಾಯ ಐತಿ. ಆಮ್ಯಾಲೆ ಆಪರೇಶನ್. ಊಟದಾಗ ಉಪ್ಪು ಸರಿಯಾಗಿ ತಿಂತಿದ್ರೋ ಇಲ್ಲೋ ಇವ್ರು?"

ನಾನು ಅವ್ವನ ಸೆರಗು ಸರಿಮಾಡತೊಡಗಿದೆ.

ಸಲಾಯಿನ್ ಹಚ್ಚಿದರು. ನರ್ಸು ಉಪ್ಪು ಸಕ್ಕರೆಯ ನೀರನ್ನೂ ತಂದರೆ ಅವ್ವ ತುಟಿ ಬಿಗಿದಳು.

"ಇನ್ನಾ ಆರಾಮ ಆಗಿಲ್ಲಲ್ಲ. ಹರಕಿ ಮುರದ್ರ ನಿಮಗ ಕೆಟ್ಟದ್ದಾಕ್ಕೈತಿ."

ಅವಳ ಕಾಲು ಹಿಡಿದೆ. "ಯವ್ವಾ, ಸಿಟ್ಟಿನಾಗ ಸುಮ್ನ ಅಂದಿದ್ನೆ ನಾ. ಒಂದ ಗುಟುಕು ಕುಡಿ."

"ದ್ಯಾವ್ರ ಹೆಸರ ತಗೊಂಡು ಸುಮ್ನ ಅಂತಾರೇನ, ಹುಚ್ಚಿ?" ಎಂದು ನಕ್ಕಳು. ಕುಡಿಯಲಿಲ್ಲ.

ಮರುದಿನ ಮಧ್ಯಾಹ್ನ, ಆಪರೇಶನ್ನಿಗೆ ಮೊದಲೇ, ಎದೆಬಡಿತ ನಿಂತಿತು. ಮಾತಾಡಿಸಲು ಬಂದವರು "ಕ್ಯಾನ್ಸರ್ ಇರಲಿಲ್ಲಂತಲ್ಲ" ಎಂದಾಗಲೆಲ್ಲ ನನಗೆ ನೆಲ ಬಗೆದು ಒಳಗೆ ಹೋಗಬೇಕೆನಿಸುತ್ತಿತ್ತು.

ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂಡಿಸಿ, ವಿಭೂತಿ ಇಟ್ಟು, ಸುತ್ತಲೂ ಉಪ್ಪು ಸುರಿಯುತ್ತಾರೆ. ಹರಕೆಯ ವಿಷಯ, ಪರ ಊರಿನಿಂದ ಬಂದ ಅಣ್ಣನಿಗೆ ಗೊತ್ತಿರಲಿಲ್ಲ. ಅವನು ಕಲ್ಲುಪ್ಪಿನ ಚೀಲ ಬಿಚ್ಚಿದ.

"ಈಗ್ಯಾಕ ಹಾಕ್ತೀಯೋ ಅಣ್ಣಾ, ಈಗ್ಯಾಕ!" ಎಂದು ಚೀರಿದೆ. ಹೆಂಗಸರು ನನ್ನನ್ನು ಹಿಂದಕ್ಕೆ ಎಳೆದರು.

ಅವ್ವನ ಮಡಿಲು ತುಂಬಿ, ಎದೆಯ ಮಟ್ಟಕ್ಕೆ ಉಪ್ಪು ಏರಿತು. ಈ ಸಲ ಅವಳು ಬೇಡವೆನ್ನಲಿಲ್ಲ.