ಆಯಿಯ ಅಗ್ಗಣಿ

ಬ್ಲೀಚಿನ ವಾಸನೆ ಬಂದರೆ ಇವತ್ತಿಗೂ ನನ್ನ ನಾಲಗೆಯ ಮೇಲೆ ವಿಭೂತಿಯ ರುಚಿ ಏಳುತ್ತದೆ. ಆ ಚಳಿಗಾಲ ಲೀಡ್ಸ್‌ನಲ್ಲಿ ಹೊಳೆ ಉಕ್ಕಿ ದಂಡೆಯ ಮನೆಗಳಿಗೆ ನುಗ್ಗಿತ್ತು. ಹೆಡಿಂಗ್ಲೀಯ ಎತ್ತರದಲ್ಲಿದ್ದ ನನ್ನ ಬಾಡಿಗೆ ಕೋಣೆಗೆ ಏನೂ ಆಗಿರಲಿಲ್ಲ. ಕೆಳಗೆ ಗೆಳೆಯನೊಬ್ಬನ ಮನೆಯ ರಾಡಿ ಬಳಿಯಲು ಹೋಗಿದ್ದೆ. ಅವನು ನೆಲಕ್ಕೆ ಬ್ಲೀಚ್ ಸುರಿದದ್ದೇ ತಡ, ನನ್ನ ಕೈಯ ಪೊರಕೆ ನಿಂತುಬಿಟ್ಟಿತು.

ಭೀಮಾ ದಂಡೆಯ ತಗ್ಗಿನ ಊರು ನಮ್ಮದು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಹೊಳೆ ನಮ್ಮ ಅಂಗಳದಲ್ಲಿ ಮೂರು ದಿನ ನಿಂತಿತ್ತು. ನಾಲ್ಕೂ ಇರಬಹುದು; ಕೇಳೋಣವೆಂದರೆ ಆ ಮನೆ ಕುಸಿದು ಎಷ್ಟೋ ವರ್ಷವಾಯಿತು, ಊರೇ ದಿಬ್ಬದ ಮೇಲಕ್ಕೆ ಹೋಯಿತು. ನೀರು ಇಳಿದ ಮೇಲೆ ವಾಂತಿಭೇದಿ ಬಂತು. ದವಾಖಾನೆಯ ಕಂಪೌಂಡರ್ ಓಣಿಯ ತುಂಬ ಬ್ಲೀಚಿಂಗ್ ಪೌಡರ್ ಚೆಲ್ಲಿ, ಬಾವಿಯನ್ನು ಇನ್ನೂ ಶುದ್ಧ ಮಾಡಿಲ್ಲ, ಕುಡಿಯುವ ನೀರನ್ನು ಕುದಿಸಿ ಆರಿಸಿ ಕುಡಿಯಿರಿ ಎಂದು ಹೇಳಿಹೋದ. ನಮ್ಮ ಅಜ್ಜಿ, ನಾವು ಆಯಿ ಎನ್ನುತ್ತಿದ್ದವಳು, ಅವನ ಮಾತನ್ನು ಅಕ್ಷರಶಃ ಪಾಲಿಸಿದಳು. ಕುಡಿಯುವ ನೀರಿನ ಹಂಡೆ ದಿನವಿಡೀ ಒಲೆಯ ಮೇಲೇ ಇತ್ತು. ಆದರೆ ಅಗ್ಗಣಿ ಕುಡಿಯುವ ನೀರಲ್ಲವಲ್ಲ, ಅದು ಲಿಂಗಪೂಜೆಯ ನೀರು. ಅದು ಬಾವಿಯಿಂದಲೇ ಬರಬೇಕು. ಕುದಿಸಬಾರದೇನು ಎಂದು ಕೇಳಿದ್ದಕ್ಕೆ ಆಯಿ ನಕ್ಕಿದ್ದಳು: "ಲಿಂಗಪ್ಪಗೂ ಹೊಟ್ಟಿ ಕೆಡತೈತೇನೋ? ಒಲಿ ಕಂಡ ನೀರು ಎಂಜಲ ಇದ್ದಂಗ. ಹೋಗು, ತಂಬಿಗಿ ತುಂಬ್ಕೊಂಡ ಬಾ."

ನೀವೂ ಇಂಥ ಮನೆಯಲ್ಲಿ ಬೆಳೆದವರಾದರೆ ಮುಂದಿನದು ಗೊತ್ತಿರುತ್ತದೆ. ಪೂಜೆ ಮುಗಿದ ಮೇಲೆ ವಿಭೂತಿ ತೊಳೆದ ಆ ನೀರು ತೀರ್ಥವಾಗುತ್ತದೆ. ನಮ್ಮ ನಾಲಗೆಗೆ ಒಂದೊಂದು ಹನಿ, ಉಳಿದದ್ದೆಲ್ಲ ಆಯಿಯ ಬೊಗಸೆಗೆ. ಅಷ್ಟು ಜನರಿದ್ದ ಮನೆಯಲ್ಲಿ ಯಾರಿಗೂ ಅದು ಕುಡಿಯುವುದೆಂದು ಹೊಳೆಯಲಿಲ್ಲ. ಮರುದಿನ ವಾಂತಿಭೇದಿ ಹಿಡಿದು ಮಲಗಿದ ಆಯಿ ಮತ್ತೆ ಏಳಲಿಲ್ಲ.

ಕಂಪೌಂಡರ್‌ನ ಮಾತು ಕೇಳಿಸಿಕೊಂಡಿದ್ದ ನಾನೇ ಆ ತಂಬಿಗೆ ತಂದೆ. ಮೂವತ್ತು ವರ್ಷ ಹೀಗೆಂದೇ ತಿಳಿದಿದ್ದೆ. ಆದರೆ ಅಂದು ರಾಡಿಯಲ್ಲಿ ನಿಂತಾಗ ಒಂದು ಅನುಮಾನ ಹುಟ್ಟಿತು. ನೆನಪಿನ ಚಿತ್ರದಲ್ಲಿ ತಂಬಿಗೆ ಹಿಡಿದು ಹೋಗುವ ಮಗುವಿನ ಬೆನ್ನು ಕಾಣುತ್ತದೆ. ನನ್ನ ಬೆನ್ನು ನನಗೆ ಹೇಗೆ ಕಂಡಿತು?

ಮರುದಿನ ಬೆಳಿಗ್ಗೆ ನಾಟಿಂಗ್‌ಹ್ಯಾಮ್‌ನಲ್ಲಿ ಡಾಕ್ಟರಾಗಿರುವ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಅವತ್ತ ಆಯಿಗೆ ಅಗ್ಗಣಿ ತಂದಾಂವ ನಾನಲ್ಲೇನು?"

"ಎಷ್ಟು ವರ್ಷಾತೋ ಇದನ್ನ ಹೊತ್ಕೊಂಡು ತಿರಗಾಕತ್ತಿ? ನೀ ಬರೇ ಕೇಳಿದಿ, ಕುದಿಸಬಾರದೇನಂತ. ಹೋಗು ಅಂದದ್ದು ನನಗ. ತಂದಾಕಿ ನಾನು."

"ಪೇಷಂಟಿಗೆ ಸಮಾಧಾನ ಹೇಳಿದಂಗ ಹೇಳಬ್ಯಾಡ."

"ಪೇಷಂಟಿಗೆ ಹುಚ್ಚಪ್ಯಾಲಿ ಅನ್ನಾಕ ಬರಂಗಿಲ್ಲ. ನಿನಗ ಅಂತೀನಿ."

ನಂಬಲಾಗಲಿಲ್ಲ. ನಂಬಿದರೆ ನಾನು ಹಗುರಾಗುತ್ತೇನೆ, ಭಾರ ಅವಳ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಆ ಕಡೆ ಕೆಟಲ್ ಗುಂಯ್‌ಗುಟ್ಟಿ ಟಕ್ಕೆಂದು ನಿಂತಿತು.

"ಚಾ ಮಾಡಾಕತ್ತೀಯೇನು?"

"ಇಲ್ಲ. ಲಿಂಗಪೂಜಿಗೆ."

"ಅಲ್ಲಿ ನಲ್ಲಿ ನೀರು ಚೊಲೋ ಇರತಾವಲ್ಲ?"

"ಇರತಾವ," ಎಂದಳು ಅಕ್ಕ.

ತಾಮ್ರದ ತಂಬಿಗೆಗೆ ನೀರು ಸುರಿದ ಸದ್ದು ಕೇಳಿಸಿತು. ಅದು ಆರುವವರೆಗೂ ನಾವಿಬ್ಬರೂ ಫೋನ್ ಇಡಲಿಲ್ಲ.